ಅಂಬಾಸಿಡರ್ ಬಾನೆಟ್ ಒಳಗೆ ಯಾವ ಎಂಜಿನ್ ಕೂರಿಸಬೇಕು?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಕಡೆಯ ಓದುಗರೊಬ್ಬರು ಕೇಳಿದ್ದಾರೆ. "ನನ್ನ ಹತ್ತಿರ 18 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಅಂಬಾಸಿಡರ್ ಇದೆ. ಆಟಿಕೆಯೇ, ಆದರೆ ಆಕಾರ ಚೆನ್ನಾಗಿದೆ. ಬಾನೆಟ್ ಕೊರೆದು ಬೇರೆ ಮಾಡಿದ್ದೇನೆ. ಒಳಗೆ ಪೂರ್ತಿ ಖಾಲಿ. ಹಿಂದೆ ಬದಿಯಡ್ಕ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ಟ್ಯಾಕ್ಸಿಗಳ ಹಾಗೆ ಎಂಜಿನ್ ಕೂರಿಸಬೇಕು ಅಂತ ಆಸೆ. ಪ್ಲಗ್ ವೈರ್, ಹೋಸ್, ಬೆಲ್ಟ್ ಎಲ್ಲ ಕಾಣಬೇಕು. ಒಂದು ಜಪಾನಿ ಕಾರಿನ 1:24 (ಅಂದರೆ ನಿಜದ ಅಳತೆಯ 24ರಲ್ಲೊಂದು ಪಾಲಿನ) ಮಾದರಿ ಕಿಟ್‌ನಿಂದ ಉಳಿದ ನಾಲ್ಕು ಸಿಲಿಂಡರಿನ ಟ್ವಿನ್ ಕ್ಯಾಮ್ ಎಂಜಿನ್ ಇದೆ. ಅದನ್ನೇ ತಿದ್ದಿದರೆ ಸಾಕಾ, ಮೊದಲಿನಿಂದಲೇ ಮಾಡಬೇಕಾ? ಎಲ್ಲಿಂದ ಶುರು ಮಾಡಲಿ?"

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಒಂದು ಸಣ್ಣ ಜಗಳ ಇದೆ. ಸ್ಟ್ಯಾಂಡಿನ ಟ್ಯಾಕ್ಸಿಯೂ ಬೇಕು, ಪ್ಲಗ್ ವೈರೂ ಬೇಕು ಅಂತೀರಿ. ನಮ್ಮ ಕಡೆ ಟ್ಯಾಕ್ಸಿಗೆ ಓಡಿದ ಅಂಬಾಸಿಡರ್‌ಗಳಲ್ಲಿ ಡೀಸೆಲ್ ಗಾಡಿಗಳು ಬಹಳ ಇದ್ದವು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ ಮಾರಾಯ್ರೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ, ಆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಇಲ್ಲ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಇಲ್ಲ. ಅವುಗಳ ಬದಲು ಇಂಜೆಕ್ಷನ್ ಪಂಪ್ ಇರುತ್ತದೆ. ಅದರಿಂದ ಹೊರಟ ನಾಲ್ಕು ಸಪೂರ ಸ್ಟೀಲ್ ಪೈಪುಗಳು ನಾಲ್ಕು ಇಂಜೆಕ್ಟರ್‌ಗಳಿಗೆ ಹೋಗುತ್ತವೆ. ಆದ್ದರಿಂದ ಬ್ಲೇಡ್ ಕೈಗೆತ್ತಿಕೊಳ್ಳುವ ಮೊದಲು ತೀರ್ಮಾನ ಆಗಬೇಕಾದ ವಿಷಯ ಒಂದೇ: ಯಾವ ಎಂಜಿನ್?

ಅಂಬಾಸಿಡರ್ ಅಂದರೆ ಒಂದೇ ಎಂಜಿನ್ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಆಕಾರ ಇಟ್ಟುಕೊಂಡು 1950ರ ದಶಕದ ಕೊನೆಗೆ ಬಂದ ಈ ಗಾಡಿ 2014ರವರೆಗೆ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ ಹೊರಬಂತು. ಅಷ್ಟು ವರ್ಷಗಳಲ್ಲಿ ಹೊರಗಿನ ರೂಪ ಹೆಚ್ಚು ಬದಲಾಗಲಿಲ್ಲ, ಬಾನೆಟ್ ಒಳಗೆ ಮಾತ್ರ ಬದಲಾಯಿತು. ನಿಮಗೆ ಲೆಕ್ಕಕ್ಕೆ ಬೇಕಾದ್ದು ಮೂರು ನಾಲ್ಕು. ಹಳೆಯ ಪೆಟ್ರೋಲ್ ಗಾಡಿಯಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ 1489 ಸಿಸಿ ಬಿ-ಸೀರೀಸ್ ಎಂಜಿನ್. ಹಳೆಯ ಡೀಸೆಲ್‌ನಲ್ಲಿ ಅದೇ ವಂಶದ 1489 ಸಿಸಿ ಡೀಸೆಲ್. 1990ರ ದಶಕದಿಂದ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಬಂತು, ಜೊತೆಗೆ 5 ಗೇರಿನ ಪೆಟ್ಟಿಗೆ. ಇಸುಜುವಿನದೇ 1995 ಸಿಸಿ ಡೀಸೆಲ್ ಕೂಡ ಬಂತು. ಮೇಲಿನಿಂದ ನೋಡಿದರೆ ಹಳೆಯವಕ್ಕೂ ಇಸುಜುವಿಗೂ ಹೋಲಿಕೆಯೇ ಇಲ್ಲ.

ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಹಳೆಯ 1489 ಸಿಸಿ ಪೆಟ್ರೋಲ್ ಆರಿಸಿಕೊಳ್ಳಿ. ಟ್ಯಾಕ್ಸಿ ಅನ್ನಿಸಬೇಕಾದರೆ ಸ್ವಲ್ಪ ಹಳೆಯ ಕಾಲದ ಟ್ಯಾಕ್ಸಿ ಅನ್ನಿ, ಅಷ್ಟೇ. ಈ ಎಂಜಿನ್ನಿನ ಹೊರಗಿನ ರೂಪ ಸರಳ. ಹೆಚ್ಚಿನ ಭಾಗ ಪೆಟ್ಟಿಗೆಗಳು ಮತ್ತು ಉರುಳೆಗಳು. ಇನ್ನೊಂದು ಅನುಕೂಲ ಇದೆ. ಇದೇ ಬಿ-ಸೀರೀಸ್ ಎಂಜಿನ್ ಎಂಜಿಎ, ಎಂಜಿಬಿ ಸ್ಪೋರ್ಟ್ಸ್ ಕಾರುಗಳಲ್ಲೂ ಇತ್ತು, ಹಾಗಾಗಿ ಎಲ್ಲ ಕೋನದಿಂದ ತೆಗೆದ ಫೋಟೋಗಳು ಧಾರಾಳ ಸಿಗುತ್ತವೆ. ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಭಾಗ), ಹೆಡ್ (ಅದರ ಮೇಲಿನ ತಲೆ), ರಾಕರ್ ಕವರ್ (ಎಲ್ಲಕ್ಕಿಂತ ಮೇಲಿನ ಮುಚ್ಚಳ) ನೋಡಲು ಅವು ಸಾಕು. ಕಾರ್ಬುರೇಟರ್, ಏರ್ ಕ್ಲೀನರ್, ರೇಡಿಯೇಟರ್, ಬ್ಯಾಟರಿ ಇರುವ ಜಾಗಕ್ಕೆ ಮಾತ್ರ ಅಂಬಾಸಿಡರ್‌ನ ಫೋಟೋವನ್ನೇ ನೋಡಿ.

ಈಗ ನಿಮ್ಮ ಜಪಾನಿ ಟ್ವಿನ್ ಕ್ಯಾಮ್ ವಿಷಯ. ಅದರಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಎರಡೂ ಹೆಡ್ಡಿನ ಮೇಲೆ ಕೂತಿರುತ್ತವೆ. ಅದಕ್ಕೇ ತಲೆ ಅಗಲ, ಮೇಲಿನ ಕವರ್ ಇನ್ನೂ ಅಗಲ. ಬಿ-ಸೀರೀಸ್‌ನಲ್ಲಿ ಕ್ಯಾಮ್ ಕೆಳಗೆ ಬ್ಲಾಕಿನ ಪಕ್ಕದಲ್ಲಿದೆ, ಅಲ್ಲಿಂದ ಪುಶ್ ರಾಡ್‌ಗಳು ವಾಲ್ವ್‌ಗಳನ್ನು ಕುಣಿಸುತ್ತವೆ. ಹಾಗಾಗಿ ಮೇಲಿರುವುದು ಸಪೂರ ತಗಡಿನ ರಾಕರ್ ಕವರ್ ಮಾತ್ರ. ಬಾನೆಟ್ ತೆಗೆದವರ ಕಣ್ಣಿಗೆ ಮೊದಲು ಬೀಳುವುದು ಆ ಕವರೇ. ಟ್ವಿನ್ ಕ್ಯಾಮ್ ತಲೆಯನ್ನು ಎಷ್ಟು ಉಜ್ಜಿದರೂ ಗೊತ್ತಿದ್ದವರಿಗೆ ಗೊತ್ತಾಗಿಬಿಡುತ್ತದೆ. ಬ್ಲಾಕ್ ಮತ್ತು ಹೆಡ್ ಹೊಸದಾಗಿ ಮಾಡಿ. ಆ ಎಂಜಿನ್ನಿನ ಗೇರ್‌ಬಾಕ್ಸ್, ಪುಲ್ಲಿ, ಸ್ಟಾರ್ಟರ್ ಮೋಟಾರ್ ಬಿಚ್ಚಿ ಇಟ್ಟುಕೊಳ್ಳಿ. ಗೇರ್‌ಬಾಕ್ಸ್ ಹೇಗೂ ಅರ್ಧ ಮುಚ್ಚಿಹೋಗುತ್ತದೆ, ಅದರ ಮೇಲೆ ವಾರಗಟ್ಟಲೆ ಕೂರುವ ಅಗತ್ಯ ಇಲ್ಲ.

ಇನ್ನು ಅಳತೆ. ಎಲ್ಲರೂ ಬೇಗ ಮುಗಿಸಿಬಿಡುವ ಕೆಲಸ ಇದು, ಮಾದರಿ ಕೆಡುವುದೂ ಇಲ್ಲೇ. ವೈರು, ಹೋಸು ಎಷ್ಟು ಚೆನ್ನಾಗಿ ಹಾಕಿದರೂ ಬ್ಲಾಕಿನ ಗಾತ್ರ ತಪ್ಪಿದ್ದರೆ ಎಂಜಿನ್ ಆಟಿಕೆಯ ಹಾಗೇ ಕಾಣುತ್ತದೆ. ಬ್ಲಾಕ್ ಸರಿಯಾದ ಗಾತ್ರದಲ್ಲಿ ಸರಿಯಾದ ಜಾಗದಲ್ಲಿ ಕೂತರೆ ನಾಲ್ಕೇ ವೈರ್ ಇದ್ದರೂ ನಿಜದ ಎಂಜಿನ್ ಅನ್ನಿಸುತ್ತದೆ.

ಮೊದಲು ನಿಮ್ಮ ಆಟಿಕೆಯ ಸ್ಕೇಲ್ ಕಂಡುಹಿಡಿಯಿರಿ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. ಅಂಬಾಸಿಡರ್‌ನ ಉದ್ದ 4325 ಮಿ.ಮೀ., ಅಗಲ ಸುಮಾರು 1662, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ, ಅಂದರೆ ವೀಲ್‌ಬೇಸ್, 2464. ನಿಮ್ಮದು 180 ಮಿ.ಮೀ. ಉದ್ದ ಅಂದರೆ 4325 ಭಾಗಿಸು 180, ಹತ್ತಿರ ಹತ್ತಿರ 24. ಒಳ್ಳೆಯದೇ. ಆದರೆ ಅಗಲವನ್ನೂ ವೀಲ್‌ಬೇಸನ್ನೂ ಅಳೆದು ನೋಡಿ. 1:24 ಆಗಿದ್ದರೆ ಅಗಲ 69 ಮಿ.ಮೀ. ಚಿಲ್ಲರೆ, ವೀಲ್‌ಬೇಸ್ 102.7 ಬರಬೇಕು. ಆಟಿಕೆಗಳಲ್ಲಿ ಈ ಮೂರೂ ಒಂದಕ್ಕೊಂದು ತಾಳೆಯಾಗುವುದು ಅಪರೂಪ. ತಾಳೆಯಾಗದಿದ್ದರೆ ಎಂಜಿನ್ ಮಾಡುವಾಗ ಅಗಲದ ಲೆಕ್ಕ ಹಿಡಿಯಿರಿ. ಎರಡು ಫೆಂಡರ್‌ಗಳ ನಡುವಿನ ಸಂದಿಗೆ ಹೋಲಿಸಿಯೇ ಕಣ್ಣು ಎಂಜಿನ್ನಿನ ಗಾತ್ರವನ್ನು ಅಳೆಯುತ್ತದೆ.

ನಿಜದ ಎಂಜಿನ್ನಿನ ಅಳತೆ ಬೇಕಲ್ವಾ? ಕುಂಬಳೆ, ಉಪ್ಪಳ, ಮುಳ್ಳೇರಿಯ ಕಡೆಯ ಹಳೆಯ ಗ್ಯಾರೇಜುಗಳಲ್ಲಿ ವಿಚಾರಿಸಿ. ಬೇಲಿ ಪಕ್ಕದಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಒಂದಾದರೂ ಅಂಬಾಸಿಡರ್ ಸಿಗಬಹುದು. ಯಜಮಾನರ ಒಪ್ಪಿಗೆ ಕೇಳಿ ಬಾನೆಟ್ ಎತ್ತಿಸಿ. ಟೇಪ್ ಎಲ್ಲ ಕಡೆಗೂ ಹೋಗುವುದಿಲ್ಲ, ಅದಕ್ಕೊಂದು ಉಪಾಯ ಇದೆ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ. ಅದನ್ನು ಅಂಟುಟೇಪಿನಲ್ಲಿ ರಾಕರ್ ಕವರಿನ ಪಕ್ಕಕ್ಕೆ, ಬ್ಲಾಕಿಗೆ, ರೇಡಿಯೇಟರಿಗೆ ಅಂಟಿಸಿ ಫೋಟೋ ತೆಗೆಯಿರಿ. ಫೋನನ್ನು ಹತ್ತಿರ ಹಿಡಿಯಬೇಡಿ. ನಾಲ್ಕು ಹೆಜ್ಜೆ ಹಿಂದೆ ನಿಂತು ಝೂಮ್ ಮಾಡಿ. ಹತ್ತಿರದಿಂದ ತೆಗೆದರೆ ಮುಂದಿನ ಭಾಗ ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ ಬರುತ್ತದೆ. ಮನೆಗೆ ಬಂದು ಫೋಟೋದಲ್ಲಿ ನಾಣ್ಯ ಎಷ್ಟು ಸಲ ಹಿಡಿಸುತ್ತದೆ ಅಂತ ಎಣಿಸಿದರೆ ಅಳತೆ ಸಿಕ್ಕಿತು. ನಾಣ್ಯ ಯಾವ ಭಾಗದ ಮೇಲಿದೆಯೋ ಆ ಭಾಗಕ್ಕೆ ಮಾತ್ರ ಈ ಲೆಕ್ಕ ಅನ್ವಯ. ಒಂದು ಗೇಣು ಹಿಂದಿರುವ ಫೈರ್‌ವಾಲಿಗೆ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಗೆ) ಅದೇ ನಾಣ್ಯದ ಲೆಕ್ಕ ಹಿಡಿಯಬೇಡಿ.

ಅಳತೆ ಸರಿಯಿದೆಯಾ ಅಂತ ನೋಡಲು ಒಂದು ದಾರಿ ಹೇಳುತ್ತೇನೆ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಡ್ಡಳತೆ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 88.9. ನಾಲ್ಕು ಬೋರ್ ಸಾಲಾಗಿ ನಿಂತರೆ ಅದೇ 292 ಮಿ.ಮೀ. ಆಯಿತು. 24ರಿಂದ ಭಾಗಿಸಿದರೆ 12.2. ಇದರ ಮೇಲೆ ಸಿಲಿಂಡರ್ ಗೋಡೆ, ನೀರು ಹರಿಯುವ ಜಾಗ, ಮುಂದೆ ಟೈಮಿಂಗ್ ಚೈನಿನ ಕವರ್ ಎಲ್ಲ ಇದೆ. ಹಾಗಾಗಿ ನಿಮ್ಮ ಬ್ಲಾಕ್ 12 ಮಿ.ಮೀ.ಗಿಂತ ಸಾಕಷ್ಟು ಉದ್ದ ಇರಲೇಬೇಕು. 13-14 ಅಂತ ಬಂದರೆ ಎಲ್ಲೋ ಲೆಕ್ಕ ಎಡವಿದೆ.

ಅಳತೆ ಕೈಗೆ ಬಂದ ಮೇಲೂ ಪ್ಲಾಸ್ಟಿಕ್ ಮುಟ್ಟಬೇಡಿ. ದಪ್ಪ ಕಾಗದದಲ್ಲಿ ಎಂಜಿನ್ನಿನ ಅಳತೆಯದೇ ಒಂದು ಡಬ್ಬಿ ಮಾಡಿ, ಗಾಡಿಯೊಳಗೆ ಇಟ್ಟು ಬಾನೆಟ್ ಮುಚ್ಚಿ. ಬಹುಶಃ ಮುಚ್ಚುವುದಿಲ್ಲ. ಆಟಿಕೆಯ ಬಾನೆಟ್ ಒಂದೂವರೆ ಮಿ.ಮೀ. ದಪ್ಪ ಇರುತ್ತದೆ. 1:24ರಲ್ಲಿ ಅದು 36 ಮಿ.ಮೀ. ದಪ್ಪದ ತಗಡಿನ ಲೆಕ್ಕ! ಫೆಂಡರ್‌ಗಳ ಕಥೆಯೂ ಅದೇ. ಇಲ್ಲಿ ಹಲವರು ಎಂಜಿನ್ನನ್ನೇ ಸ್ವಲ್ಪ ಚಿಕ್ಕದು ಮಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬಾನೆಟ್ಟಿನ ಒಳಮೈ ಉಜ್ಜಿ ತೆಳು ಮಾಡಿ, ಫೆಂಡರಿನ ಒಳಗೋಡೆ ಕೆರೆಯಿರಿ. ಇನ್ನೂ ಸಾಲದಿದ್ದರೆ ಎಂಜಿನ್ನಿನ ಕೆಳಗಿನ ಆಯಿಲ್ ಸಂಪ್ ಕತ್ತರಿಸಿ ಇಡೀ ಎಂಜಿನ್ ಕೆಳಗಿಳಿಸಿ. ಗಾಡಿಯನ್ನು ಮಗುಚಿ ನೋಡುವವರು ಎಷ್ಟು ಜನ?

ಸಾಮಾನಿನ ವಿಷಯಕ್ಕೆ ಬರೋಣ. ಬ್ಲಾಕಿಗೆ ಸ್ಟೈರೀನ್ ಅನ್ನುವ ಪ್ಲಾಸ್ಟಿಕ್ಕಿನ ಹಾಳೆ ಬೇಕು. ಅರ್ಧ ಮಿ.ಮೀ. ಮತ್ತು ಒಂದು ಮಿ.ಮೀ. ದಪ್ಪದವು ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಜೊತೆಗೆ ಕಾಲು ಮಿ.ಮೀ.ಯದು ಒಂದು ಚೂರು. ಎವರ್‌ಗ್ರೀನ್ ಅನ್ನುವ ಕಂಪನಿಯ ಹಾಳೆ, ಕಡ್ಡಿ, ಕೊಳವೆಗಳನ್ನು ಆನ್‌ಲೈನಿನಲ್ಲಿ ತರಿಸಬಹುದು, ಬೆಲೆ ಜಾಸ್ತಿ. ಬೋರ್ಡ್ ಬರೆಯುವ ಅಂಗಡಿಯಲ್ಲಿ ಸಿಗುವ ಬಿಳಿ ಸನ್‌ಬೋರ್ಡ್ ಅಗ್ಗ, ನೋಡಲು ಹಾಗೇ ಇರುತ್ತದೆ, ಆದರೆ ಅದು ನೊರೆ ತುಂಬಿದ ಪಿವಿಸಿ. ಕತ್ತರಿಸಿದ ಅಂಚಿನಲ್ಲಿ ಸಣ್ಣ ತೂತುಗಳು ಕಾಣುತ್ತವೆ, ಬಣ್ಣ ಹೊಡೆದರೆ ಇನ್ನೂ ಎದ್ದು ಕಾಣುತ್ತವೆ. ಸ್ಟೈರೀನನ್ನು ಕರಗಿಸಿ ಬೆಸೆಯುವ ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದೂ ಇಲ್ಲ. ಒಳಗೆ ತುಂಬಿಸಲು ಬಳಸಿ, ಹೊರಮೈಗೆ ಬೇಡ.

ತಂತಿಗೆ ಮಾತ್ರ ನಮ್ಮೂರೇ ಸ್ವರ್ಗ. ಅಡಿಕೆ ತೋಟ ಇದ್ದಲ್ಲಿ ಪಂಪ್‌ಸೆಟ್ ಇದೆ, ಪಂಪ್‌ಸೆಟ್ ಇದ್ದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ಅಲ್ಲಿ ಎನಾಮಲ್ ಲೇಪದ ತಾಮ್ರದ ತಂತಿಯ ತುಂಡುಗಳನ್ನು ಕೇಳಿ. ಗೇಜ್ ಹೇಳಿ ಕೇಳಬೇಕು. 30 ಗೇಜಿನದು 0.31 ಮಿ.ಮೀ., 26ರದು 0.46, 36ರದು 0.19. ನಿಜದ ಪ್ಲಗ್ ವೈರ್ 7 ಮಿ.ಮೀ. ದಪ್ಪ. 1:24ರಲ್ಲಿ ಅದು 0.29 ಆಗುತ್ತದೆ, ಹಾಗಾಗಿ 30 ಗೇಜ್ ಸರಿಹೊಂದುತ್ತದೆ. ಅದೂ ಸಿಗದಿದ್ದರೆ ಮನೆ ವೈರಿಂಗಿನ 1 ಚದರ ಮಿ.ಮೀ. ಫ್ಲೆಕ್ಸಿಬಲ್ ವೈರಿನ ಒಂದು ಗೇಣು ತುಂಡು ಸಾಕು. 0.3 ಮಿ.ಮೀ.ಯ 14 ಎಳೆ ಇರುವಂಥದ್ದು ನೋಡಿ ತನ್ನಿ. ಸಿಪ್ಪೆ ಸುಲಿದರೆ ಬೇಕಾದ್ದಕ್ಕಿಂತ ಹೆಚ್ಚು ಎಳೆ ಕೈಗೆ ಬಂತು. ಹೊಲಿಗೆ ನೂಲು ಮಾತ್ರ ಬೇಡ, ಅದರ ನಾರು ಬಣ್ಣದಲ್ಲಿ ಎದ್ದು ನಿಲ್ಲುತ್ತದೆ.

ರೇಡಿಯೇಟರ್ ಹೋಸಿಗೆ ಸೋಲ್ಡರ್ ತಂತಿಗಿಂತ ಒಳ್ಳೆಯದು ಇನ್ನೊಂದಿಲ್ಲ. 38-40 ಮಿ.ಮೀ. ಹೊರ ಅಳತೆಯ ಹೋಸಿಗೆ 1.6 ಮಿ.ಮೀ. ಸೋಲ್ಡರ್ ಹೊಂದುತ್ತದೆ. ಬಗ್ಗಿಸಿದ ಕಡೆ ಹಾಗೇ ನಿಲ್ಲುತ್ತದೆ, ಮುರಿಯುವುದಿಲ್ಲ. ಸೀಸ ಇಲ್ಲದ್ದು ಸಿಕ್ಕಿದರೆ ಅದನ್ನೇ ತನ್ನಿ, ಇಲ್ಲವಾದರೆ ಕೆಲಸ ಆದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಈಗ ಬ್ಲಾಕ್. ಒಂದು ಮಿ.ಮೀ. ಹಾಳೆಯಿಂದ ಪಕ್ಕದ ಗೋಡೆಗಳ ಆಕಾರ ಕತ್ತರಿಸಿ, ನಡುವೆ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಗಟ್ಟಿ ಗಟ್ಟಿ ಮಾಡಿ. ಟೊಳ್ಳು ಡಬ್ಬಿ ಮಾಡಿದರೆ ಮುಂದೆ ತೂತು ಕೊರೆಯುವಾಗ ಒಳಕ್ಕೆ ಕುಸಿಯುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟು, ಕ್ರ್ಯಾಂಕ್ ಶಾಫ್ಟ್ ಇರುವ ಎತ್ತರದಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಮಿ.ಮೀ. ತೂತು ಕೊರೆಯಿರಿ. ಅದರೊಳಗೆ ಹಿತ್ತಾಳೆ ಕಡ್ಡಿ ತೂರಿಸಿ, ಎರಡೂ ಕಡೆ ಸ್ವಲ್ಪ ಉದ್ದ ಬಿಡಿ. ಆ ಒಂದು ಕಡ್ಡಿಯಿಂದ ಹಲವು ಉಪಕಾರ ಇದೆ. ಮುಂದಿನ ತುದಿಯಲ್ಲಿ ಪುಲ್ಲಿ ತಾನಾಗಿ ನಡುವಿಗೆ ಕೂರುತ್ತದೆ. ಹಿಂದಿನ ತುದಿಯಲ್ಲಿ ಗೇರ್‌ಬಾಕ್ಸ್ ನೇರ ನಿಲ್ಲುತ್ತದೆ. ಬಣ್ಣ ಹೊಡೆಯುವಾಗ ಬೆರಳು ತಾಗಿಸದೆ ಹಿಡಿದು ತಿರುಗಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎತ್ತರದ ಅಳತೆಗಳನ್ನೆಲ್ಲ ಆ ಕಡ್ಡಿಯಿಂದಲೇ ಅಳೆಯಬಹುದು. ಉಜ್ಜಿ ಉಜ್ಜಿ ಮೇಲ್ಮೈ ಬದಲಾಗುತ್ತಾ ಇರುತ್ತದೆ, ಕಡ್ಡಿ ಮಾತ್ರ ಅಲ್ಲೇ ಇರುತ್ತದೆ.

ಬ್ಲಾಕ್ ಮತ್ತು ಹೆಡ್ ನಡುವೆ ಕಾಲು ಮಿ.ಮೀ. ಹಾಳೆಯ ಒಂದು ಪದರ ಇಡಿ. ಅಂಚು ಕೂದಲೆಳೆಯಷ್ಟು ಹೊರಗೆ ಬರಲಿ. ಗ್ಯಾಸ್ಕೆಟ್ಟಿನ ಗೆರೆ ಅದು. ನಿಜದ ಗ್ಯಾಸ್ಕೆಟ್ ಇಷ್ಟು ದಪ್ಪ ಇಲ್ಲ ನಿಜ, ಆದರೆ ಈ ಗೆರೆ ಇಲ್ಲದಿದ್ದರೆ ಬ್ಲಾಕೂ ಹೆಡ್ಡೂ ಒಂದೇ ಗಡ್ಡೆಯ ಹಾಗೆ ಕಾಣುತ್ತವೆ.

ಯಾವುದು ಯಾವ ಕಡೆ ಅನ್ನುವುದರಲ್ಲಿ ಗೊಂದಲ ಬೇಡ. ಸ್ಟೀರಿಂಗ್ ಮುಂದೆ ಕೂತು ಮುಂದಕ್ಕೆ ನೋಡಿದಾಗ ಎಡಗಡೆ ಕಾರ್ಬುರೇಟರ್, ಇನ್‌ಟೇಕ್, ಎಕ್ಸಾಸ್ಟ್ ಎಲ್ಲವೂ. ಬಲಗಡೆ ಪ್ಲಗ್‌ಗಳು, ಡಿಸ್ಟ್ರಿಬ್ಯೂಟರ್. ಎಡಗಡೆ ಮ್ಯಾನಿಫೋಲ್ಡಿನ (ಇನ್‌ಟೇಕ್, ಎಕ್ಸಾಸ್ಟ್ ಕೊಳವೆಗಳ ಕವಲಿನ) ಕೆಳಗೆ, ಬ್ಲಾಕಿನ ಪಕ್ಕದಲ್ಲಿ ಟ್ಯಾಪೆಟ್ (ಕ್ಯಾಮ್ ಮತ್ತು ಪುಶ್ ರಾಡ್ ನಡುವಿನ ತುಂಡು) ನೋಡಲು ಎರಡು ತಗಡಿನ ಮುಚ್ಚಳಗಳಿವೆ. ಅವನ್ನು ಮರೆಯಬೇಡಿ. ಮ್ಯಾನಿಫೋಲ್ಡ್ ಮಾಡುವಾಗ ಬಹಳ ಜನ ನಾಲ್ಕು ಸಿಲಿಂಡರ್ ಅಂತ ನಾಲ್ಕು ಕೊಂಬೆ ಇಡುತ್ತಾರೆ. ಬಿ-ಸೀರೀಸ್ ಪೆಟ್ರೋಲ್ ಹೆಡ್ಡಿಗೆ ಎಕ್ಸಾಸ್ಟ್ ಬಾಯಿ ಮೂರೇ, ಇನ್‌ಟೇಕ್ ಬಾಯಿ ಎರಡೇ. ನಡುವಿನ ಎರಡು ಸಿಲಿಂಡರ್‌ಗಳು ಒಂದೇ ಎಕ್ಸಾಸ್ಟ್ ಬಾಯಿ ಹಂಚಿಕೊಳ್ಳುತ್ತವೆ. ಇನ್‌ಟೇಕ್ ಎರಡೆರಡು ಸಿಲಿಂಡರಿಗೆ ಒಂದೊಂದು. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಕಿಟ್‌ನಲ್ಲಿ ಉಳಿದ ಸ್ಪ್ರೂ ಕಡ್ಡಿಯನ್ನು (ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿ) ಮೇಣದ ಬತ್ತಿಯ ಶಾಖ ತಾಗಿಸಿ ಬಗ್ಗಿಸಿ. ಸೇರುವ ಜಾಗಗಳನ್ನು ಎಂ-ಸೀಲ್‌ನಂಥ ಎಪಾಕ್ಸಿ ಹಿಟ್ಟಿನಿಂದ ತುಂಬಿ, ಒದ್ದೆ ಬೆರಳಿನಲ್ಲಿ ನಯ ಮಾಡಿ.

ರಾಕರ್ ಕವರಿಗೆ ಸಮಯ ಕೊಡಿ, ಪೂರ್ತಿ ಎಂಜಿನ್ನಿನ ಮುಖವೇ ಅದು. ಮೂರು ಪದರ ಹಾಳೆ ಬೆಸೆದು, ಮೇಲಿನ ಅಂಚುಗಳನ್ನು ದುಂಡಗೆ ಉಜ್ಜಿ. ಒತ್ತಿ ಮಾಡಿದ ತಗಡಿಗೆ ಚೂಪಾದ ಮೂಲೆ ಇರುವುದಿಲ್ಲ. ಉಜ್ಜುವಾಗ 400 ನಂಬರಿನ ಕಾಗದದಿಂದ ಶುರು ಮಾಡಿ 1000ಕ್ಕೆ ಹೋಗಿ. ಕೆಳಗೆ ಕಾಲು ಮಿ.ಮೀ. ಹಾಳೆಯ ತುಟಿ ಇರಲಿ. ಮೇಲೆ ಎರಡು ನಟ್, ಎಣ್ಣೆ ಹಾಕುವ ಒಂದು ಮುಚ್ಚಳ. ಮುಚ್ಚಳ ಯಾವ ತುದಿಯಲ್ಲಿ ಅಂತ ನೀವು ತೆಗೆದ ಫೋಟೋ ಹೇಳುತ್ತದೆ. 13 ಮಿ.ಮೀ. ಸ್ಪ್ಯಾನರ್ ಹಿಡಿಯುವ ನಟ್ ಈ ಸ್ಕೇಲಿನಲ್ಲಿ ಅರ್ಧ ಮಿ.ಮೀ. ಚಿಲ್ಲರೆ. ಆರು ಮೂಲೆಯ ಸಣ್ಣ ಸ್ಟೈರೀನ್ ಕಡ್ಡಿ ಸಿಕ್ಕಿದರೆ ಬ್ಲೇಡಿನಲ್ಲಿ ಹೆರೆದು ಬಿಲ್ಲೆ ಮಾಡಿ. ಸಿಗದಿದ್ದರೆ ದುಂಡು ಕಡ್ಡಿಯ ಬಿಲ್ಲೆಯೂ ನಡೆಯುತ್ತದೆ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಮೆರಾಕ್ಕೆ ತಿಳಿಯುತ್ತದೆ, ಅದು ಬೇರೆ ಮಾತು.

ಡಿಸ್ಟ್ರಿಬ್ಯೂಟರಿನ ಕ್ಯಾಪಿಗೆ 3 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. ಮೊದಲೇ ಚಿಕ್ಕದಾಗಿ ಕತ್ತರಿಸಿದರೆ ಕೈಯಲ್ಲಿ ಹಿಡಿಯಲು ಬರುವುದಿಲ್ಲ. ಕಡ್ಡಿ ಉದ್ದ ಇರುವಾಗಲೇ ಅದರ ತುದಿಯಲ್ಲಿ ಐದು ತೂತು ಕೊರೆಯಿರಿ, ನಡುವೆ ಒಂದು, ಸುತ್ತ ನಾಲ್ಕು. ಸೂಜಿಯಿಂದ ಚುಚ್ಚಿ ಗುರುತು ಮಾಡದೆ ಡ್ರಿಲ್ ಇಡಬೇಡಿ, ಜಾರುತ್ತದೆ. ಸರ್ಕ್ಯೂಟ್ ಬೋರ್ಡಿಗೆ ಬಳಸುವ 0.35 ಮಿ.ಮೀ. ಬಿಟ್ ಒಳ್ಳೆಯದು, ಆದರೆ ಗಾಜಿನಷ್ಟೇ ಬೇಗ ಮುರಿಯುತ್ತದೆ. ಪಿನ್ ವೈಸಿನಲ್ಲಿ (ಸಣ್ಣ ಬಿಟ್ ಹಿಡಿಯುವ ಹಿಡಿಕೆ) ಕೈಯಿಂದಲೇ ತಿರುಗಿಸಿ, ಮೋಟಾರಿಗೆ ಹಾಕಬೇಡಿ. ತೂತು ಆದ ಮೇಲೆ ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ.

ಪ್ಲಗ್ ವೈರ್ ಸುಮ್ನೆ ಹೇಗಂದರೆ ಹಾಗೆ ಚುಚ್ಚಿದರೂ ನೂರರಲ್ಲಿ ತೊಂಬತ್ತು ಜನಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹತ್ತು ಜನರಲ್ಲಿ ಹಳೆಯ ಮೆಕ್ಯಾನಿಕ್‌ಗಳು ಇರುತ್ತಾರೆ, ಅವರು ಮೊದಲು ನೋಡುವುದೇ ಇದನ್ನು. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ, 1-3-4-2. ರೇಡಿಯೇಟರ್ ಕಡೆಯದು ಒಂದನೇ ಸಿಲಿಂಡರ್. ಕ್ಯಾಪನ್ನು ಮೇಲಿನಿಂದ ನೋಡಿದಾಗ ಅದರೊಳಗೆ ಕರೆಂಟ್ ಹಂಚುವ ರೋಟರ್ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಒಂದನೇ ವೈರಿನಿಂದ ಎಡಕ್ಕೆ ಸುತ್ತುತ್ತಾ ಹೋದರೆ 3, 4, 2 ಬರಬೇಕು. ನಡುವಿನ ವೈರ್ ಕಾಯಿಲಿಗೆ. ವೈರಿನ ಪ್ಲಗ್ ಕಡೆಯ ತುದಿಗೆ ಸಪೂರ ಸಿಗ್ನಲ್ ವೈರಿನ ಸಿಪ್ಪೆಯನ್ನು ಒಂದು ಮಿ.ಮೀ. ಉದ್ದಕ್ಕೆ ಕತ್ತರಿಸಿ ತೊಡಿಸಿದರೆ ಟೋಪಿ ಆಯಿತು.

ನೀವು ಹಟ ಹಿಡಿದು ಡೀಸೆಲ್ಲೇ ಮಾಡುವುದಾದರೆ ಇಷ್ಟೂ ಕೆಲಸದ ಬದಲು ಇಂಜೆಕ್ಟರ್ ಪೈಪ್ ಬಗ್ಗಿಸುವ ಕೆಲಸ ಬರುತ್ತದೆ. 6 ಮಿ.ಮೀ. ಪೈಪಿಗೆ 0.25 ಮಿ.ಮೀ. ತಂತಿ. ಪ್ಲಗ್ ವೈರಿನ ಹಾಗೆ ಜೋತು ಬೀಳುವಂತೆ ಬಿಡಬೇಡಿ. ಅವು ಗಟ್ಟಿ ಸ್ಟೀಲ್, ಬಗ್ಗಿದ ಕಡೆ ಬಿಟ್ಟರೆ ಉಳಿದೆಡೆ ನೇರ. ತಂತಿಯನ್ನು ಮೊದಲು ಎರಡು ಕಡೆ ಇಕ್ಕಳದಲ್ಲಿ ಹಿಡಿದು ಎಳೆದರೆ ನೇರ ಆಗುತ್ತದೆ. ಬಣ್ಣ ಬೇಡ, ಮಂದವಾದ ಲೋಹದ ಬಣ್ಣದ ತೆಳು ಲೇಪ ಸಾಕು. ಇಂಜೆಕ್ಟರ್‌ಗಳ ತಲೆಯಿಂದ ತಲೆಗೆ ಇನ್ನೂ ಸಪೂರ ಒಂದು ಪೈಪ್ ಓಡುತ್ತದೆ, ಹೆಚ್ಚಾದ ಡೀಸೆಲ್ ವಾಪಸ್ ಹೋಗುವ ದಾರಿ ಅದು. 36 ಗೇಜ್ ತಂತಿ ಅದಕ್ಕೆ.

ಇನ್ನು ಎಂಜಿನ್ ಮಾರ್ಪಾಡು ಮಾಡಿದ ಗಾಡಿ ಅಂತ ತೋರಿಸುವ ಆಸೆ ಎಂದಾದರೂ ಬಂದರೆ ಇತಿಹಾಸದಲ್ಲೇ ಒಂದು ದಾರಿ ಇದೆ. 1955ರಲ್ಲಿ ಬಂದ ಎಂಜಿಎ 1500 ಕಾರಿನಲ್ಲಿ ಇದೇ 1489 ಸಿಸಿ ಎಂಜಿನ್‌ಗೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ಇದ್ದವು. ಇನ್‌ಟೇಕ್ ಬಾಯಿ ಎರಡಿದೆಯಲ್ಲ, ಒಂದೊಂದಕ್ಕೆ ಒಂದೊಂದು. ಅಂಬಾಸಿಡರ್ ಒಳಗೆ ಅದನ್ನು ಕೂರಿಸಿದರೆ ಕಲ್ಪನೆಯೇ ಆದರೂ ತಾಂತ್ರಿಕವಾಗಿ ನಂಬುವಂಥ ಕಲ್ಪನೆ. ಟರ್ಬೊ, ವಿ8 ಎಲ್ಲ ತುರುಕುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ. ಎಸ್‌ಯು ಕಾರ್ಬುರೇಟರಿನ ಮೇಲೆ ಗಂಟೆಯ ಆಕಾರದ ಡಬ್ಬಿ ಇರುತ್ತದೆ. ಸ್ಪ್ರೂ ಕಡ್ಡಿಯನ್ನು ಡ್ರಿಲ್ ಮೋಟಾರಿಗೆ ಸಿಕ್ಕಿಸಿ, ನಿಧಾನಕ್ಕೆ ತಿರುಗಿಸುತ್ತಾ ಅರ ಹಿಡಿದರೆ ಆ ಆಕಾರ ಬರುತ್ತದೆ. ವೇಗ ಜಾಸ್ತಿ ಮಾಡಿದರೆ ಪ್ಲಾಸ್ಟಿಕ್ ಕರಗಿ ಅರಕ್ಕೆ ಮೆತ್ತಿಕೊಳ್ಳುತ್ತದೆ.

ಚಿಲ್ಲರೆ ಭಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ಬ್ರಿಟಿಷ್ ಮಾದರಿಯ ಡೈನಮೊ ಸುಮಾರು 4 ಇಂಚು ದಪ್ಪ, 4 ಮಿ.ಮೀ. ಕಡ್ಡಿ ನಡೆಯುತ್ತದೆ. ಫ್ಯಾನಿನ ಎಲೆಗಳಿಗೆ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ. ಅದರ ಗೋಡೆ 0.1 ಮಿ.ಮೀ. ಆಸುಪಾಸು, ಈ ಸ್ಕೇಲಿನಲ್ಲಿ ನಿಜದ ತಗಡಿನ ದಪ್ಪಕ್ಕೆ ಹತ್ತಿರ ಇದೆ. ಅಂಚು ಬೆರಳು ಕೊಯ್ಯುತ್ತದೆ, ಜಾಗ್ರತೆ. ಫ್ಯಾನ್ ಬೆಲ್ಟಿಗೆ ಕರಿ ಎಲೆಕ್ಟ್ರಿಕ್ ಟೇಪ್ ಬಳಸುತ್ತಾರೆ. ನಮ್ಮ ಸೆಖೆಗೆ ಅದರ ಗೋಂದು ಜಾರಿ ಬೆಲ್ಟ್ ಸಡಿಲ ಆಗುತ್ತದೆ. ಕರಿ ಕಾಗದದ ಅರ್ಧ ಮಿ.ಮೀ. ಪಟ್ಟಿ ಸುತ್ತಿ, ಅದಕ್ಕೆ ಒಂದು ಹನಿ ತೆಳು ಸೂಪರ್ ಗ್ಲೂ ಕುಡಿಸಿ. ಬ್ಯಾಟರಿ ಕೇಬಲ್ಲಿಗೆ 26 ಗೇಜ್ ತಂತಿ.

ಬಣ್ಣಕ್ಕೆ ಹವೆ ನೋಡಿ ಕೂರಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಲ್ಯಾಕರ್ ಬಣ್ಣ ಸ್ಪ್ರೇ ಮಾಡಿದರೆ ಮೇಲೆ ಬಿಳಿ ಮಂಜು ಕೂರುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರಿನ ಅಂಶ ಅಲ್ಲಿ ಹನಿಯಾಗಿ ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ನಿಧಾನಕ್ಕೆ ಆರುವ ಥಿನ್ನರ್ ಬಳಸಿದರೆ ಕಡಿಮೆ ಆಗುತ್ತದೆ. ಮಳೆಗಾಲದಲ್ಲಿ ಕತ್ತರಿಸುವ, ಬೆಸೆಯುವ ಕೆಲಸ ಇಟ್ಟುಕೊಳ್ಳಿ, ಬಣ್ಣವನ್ನು ದೀಪಾವಳಿ ಕಳೆದ ಮೇಲೆ ಹೊಡೆಯಿರಿ. ಸೂಪರ್ ಗ್ಲೂಗೂ ಇದೇ ಕಾಟ. ತೇವ ಇದ್ದರೆ ಬೇಗ ಹಿಡಿಯುತ್ತದೆ, ಜೊತೆಗೆ ಸುತ್ತ ಬಿಳಿ ಬೂದಿ ಬಿಡುತ್ತದೆ. ಫ್ಯಾನ್ ಹಾಕಿಕೊಂಡು, ಸೂಜಿ ತುದಿಯಲ್ಲಿ ಎಷ್ಟು ಬರುತ್ತದೋ ಅಷ್ಟೇ ಹಚ್ಚಿ.

ಅಚ್ಚ ಕಪ್ಪು ಎಲ್ಲೂ ಬಳಸಬೇಡಿ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಅದು ತೂತಿನ ಹಾಗೆ ಕಾಣುತ್ತದೆ. ಹೋಸಿಗೆ, ಬೆಲ್ಟಿಗೆ, ಬ್ಯಾಟರಿಗೆ ಬೇರೆ ಬೇರೆ ಗಾಢ ಬೂದು ಬಣ್ಣ ಕಲೆಸಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಾತ್ರ ಕೆಂಪು ಮಿಶ್ರಿತ ಕಂದು, ಹೊಳಪಿಲ್ಲದ್ದು.

ಟ್ಯಾಕ್ಸಿ ಅಂತ ಅನ್ನಿಸುವುದು ಕೊಳೆಯಿಂದ. ಆದರೆ ತುಕ್ಕು ಬಳಿಯಬೇಡಿ. ದಿನಾ ಓಡುವ ಎಂಜಿನ್‌ಗೆ ತುಕ್ಕು ಹಿಡಿಯುವುದಿಲ್ಲ, ಎಣ್ಣೆ ಜಿಡ್ಡು ಹಿಡಿಯುತ್ತದೆ. ಜಿಡ್ಡಿನ ಮೇಲೆ ಧೂಳು ಕೂರುತ್ತದೆ. ನಮ್ಮ ರಸ್ತೆಯ ಧೂಳು ಕೆಂಪು, ಅಂದರೆ ಮುರಕಲ್ಲಿನ ಹುಡಿ. ಅದನ್ನೇ ತನ್ನಿ. ನೇರವಾಗಿ ಉದುರಿಸಿದರೆ ಈ ಸ್ಕೇಲಿನಲ್ಲಿ ಜಲ್ಲಿಕಲ್ಲಿನ ಹಾಗೆ ಕಾಣುತ್ತದೆ. ಹುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಬೇರೆ ತಟ್ಟೆಗೆ ಬಸಿಯಿರಿ. ದಪ್ಪ ಕಣ ಲೋಟದಲ್ಲೇ ಉಳಿಯುತ್ತದೆ. ತಟ್ಟೆಯ ನೀರು ಆರಿದ ಮೇಲೆ ಉಳಿಯುವುದು ಕುಂಕುಮದಷ್ಟು ನಯವಾದ ಹುಡಿ. ಅದನ್ನು ಹೊಳಪಿಲ್ಲದ ವಾರ್ನಿಷ್ ಒದ್ದೆ ಇರುವಾಗ ಕುಂಚದ ತುದಿಯಿಂದ ಬ್ಲಾಕಿನ ಕೆಳಭಾಗಕ್ಕೆ, ಟ್ಯಾಪೆಟ್ ಮುಚ್ಚಳದ ಅಂಚಿಗೆ, ಫೆಂಡರಿನ ಒಳಗೋಡೆಗೆ ತಾಗಿಸಿ. ಡ್ರೈವರ್ ದಿನಾ ಮುಟ್ಟುವ ಕಡೆ ಧೂಳು ಹಾಕಬೇಡಿ: ಎಣ್ಣೆ ಮುಚ್ಚಳದ ಸುತ್ತ, ಡಿಪ್‌ಸ್ಟಿಕ್ಕಿನ ತಲೆ, ರೇಡಿಯೇಟರ್ ಮುಚ್ಚಳ. ಅಲ್ಲಿ ಬಟ್ಟೆಯಿಂದ ಒರೆಸಿದ ಎಣ್ಣೆಯ ಹೊಳಪು ಇರಲಿ.

ಕೊನೆಗೆ ಕೂರಿಸುವುದು. ಹೋಸು, ಬ್ಯಾಟರಿ ಕೇಬಲ್, ಎಕ್ಸಾಸ್ಟ್ ಪೈಪು ಎಲ್ಲ ಎಂಜಿನ್ ಒಳಗೆ ಇಟ್ಟ ಮೇಲೆಯೇ ಜೋಡಿಸಿ. ಪ್ಲಗ್ ವೈರ್ ಮಾತ್ರ ಹೊರಗೇ ಮುಗಿಸಿ, ಒಳಗೆ ಬೆರಳು ಹೋಗುವುದಿಲ್ಲ. ಎಂಜಿನ್ನನ್ನು ಅಂಟಿಸಬೇಡಿ. ಕ್ರ್ಯಾಂಕಿನ ಕಡ್ಡಿಯನ್ನು ಗೇರ್‌ಬಾಕ್ಸಿನ ಹಿಂದಕ್ಕೆ ಸ್ವಲ್ಪ ಉದ್ದ ಬಿಟ್ಟಿದ್ದರೆ ಅದು ನೆಲಹಾಸಿನ ಒಂದು ತೂತಿಗೆ ಸಿಕ್ಕಿಕೊಳ್ಳಲಿ. ಮುಂದೆ ಕೆಳಗಿನಿಂದ ಒಂದು ಕನ್ನಡಕದ ಸ್ಕ್ರೂ ಹಾಕಿ ಬಿಗಿಯಿರಿ. ಹಿಂಭಾಗ ಕೂದಲೆಳೆಯಷ್ಟು ತಗ್ಗಿರಲಿ, ಹಿಂದಿನ ಚಕ್ರ ಓಡಿಸುವ ಗಾಡಿಗಳಲ್ಲಿ ಎಂಜಿನ್ ಹಾಗೇ ವಾಲಿ ಕೂರುತ್ತದೆ. ಬಾನೆಟ್ಟಿನ ಹಿಂಜ್ ವಿಂಡ್‌ಶೀಲ್ಡ್ ಕಡೆಗೆ ಬರಬೇಕು. ಅದನ್ನು ಎಂಜಿನ್ ಕೂತ ಮೇಲೆ ಮಾಡಿ, ಎಷ್ಟು ಎತ್ತರ ಉಳಿದಿದೆ ಅಂತ ಆಗಲೇ ಗೊತ್ತಾಗುವುದು.